ಗಿರಿ ಅಂದರೆ ಬೆಟ್ಟವಲ್ಲ, ಟೂರಿಸ್ಟು

ಪದಗಳ ಹುಟ್ಟಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕಾರವಾರದ ನಿವೃತ್ತ ಹಡಗು ಇಂಜಿನಿಯರ್ ಒಬ್ಬರ ಉತ್ತರ

ಪ್ರಶ್ನೆ: ಮಾಮ, ಗೋಕರ್ಣದ ಕುಡ್ಲೆ ಬೀಚಿನ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಈ ಸಲ ಸ್ಪೇನಿನಿಂದ ಒಂದಷ್ಟು ಹುಡುಗ ಹುಡುಗಿಯರು ಬಂದಿದ್ದರು. ಬಿಸಿಲಿಗೆ ಬಿದ್ದುಕೊಂಡು ಮೈಯೆಲ್ಲ ಕೆಂಪಾದ ಒಬ್ಬನನ್ನು ತೋರಿಸಿ ಉಳಿದವರು 'ಗಿರಿ, ಗಿರಿ' ಎಂದು ನಗುತ್ತಿದ್ದರು. ಹಾಗೆಂದರೆ ಏನು ಎಂದು ಕೇಳಿದೆ. ಸ್ಪೇನಿಗೆ ಬರುವ ಪರದೇಶದ ಪ್ರವಾಸಿಗರಿಗೆ ಅಲ್ಲಿಯವರು ಹಾಗೆ ಅಂತಾರಂತೆ. ಪದ ಎಲ್ಲಿಂದ ಬಂತು ಎಂದು ಕೇಳಿದ್ದೇ ತಪ್ಪಾಯಿತು, ಅವರವರಲ್ಲೇ ವಾದ ಶುರುವಾಯಿತು. ಒಬ್ಬಳು ರಾಣಿಯ ಸೈನಿಕರು ಅಂದಳು. ಒಬ್ಬ ಟರ್ಕಿ ಅಂದ. ಇನ್ನೊಬ್ಬ ಸಿಪಾಯಿಗಳ ಟೋಪಿಯ ಮೇಲಿನ ಅಕ್ಷರ ಅಂದ. ನಮ್ಮ ಮನೆಯವರು ಮಾತ್ರ 'ಅದು ನಮ್ಮ ಗಿರಿಯೇ, ಸಂಸ್ಕೃತ ಅಲ್ಲಿತನಕ ಹೋಗಿದೆ' ಎಂದು ಹಠ ಹಿಡಿದಿದ್ದಾರೆ. ಯಾರದ್ದು ನಿಜ?
ಓದುಗಿ, ಗೋಕರ್ಣ

ಉತ್ತರ: ಮೊದಲು ನಿಮ್ಮ ಮನೆಯವರ ವಿಚಾರ ಮುಗಿಸಿಬಿಡೋಣ, ತಂಗಿ. ಕಿವಿಗೆ ಎರಡೂ ಒಂದೇ, ಒಪ್ಪುತ್ತೇನೆ. ಸ್ಪ್ಯಾನಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಯು' ಅಕ್ಷರ ಬರುತ್ತದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ಬಾಯಲ್ಲಿ ಬರುವುದು ಅಚ್ಚ ಕನ್ನಡದ 'ಗಿರಿ'ಯೇ. ಅಲ್ಲಿಗೆ ಸಂಬಂಧ ಮುಗಿಯಿತು. ಬೆಟ್ಟಕ್ಕೂ ಬೀಚಿನ ಮೇಲೆ ಮಲಗಿದ ಬ್ರಿಟಿಷನಿಗೂ ನಡುವೆ ಯಾವ ದಾರಿಯೂ ಇಲ್ಲ.

ದಾರಿ ಎಂದೆನಲ್ಲ, ಪದಗಳ ಮೂಲ ಹುಡುಕುವಾಗ ನಾನು ಕೇಳುವುದು ಅದೊಂದನ್ನೇ. ಕಾರವಾರದಿಂದ ಶಿರಸಿಗೆ ಬಂದೆ ಅಂದವನು ಅಂಕೋಲೆಯ ಮೇಲೆ ಅರಬೈಲು ಘಟ್ಟ ಹತ್ತಿ ಯಲ್ಲಾಪುರದಿಂದ ಬಂದನೋ, ಕುಮಟೆಗೆ ಹೋಗಿ ದೇವಿಮನೆ ಘಟ್ಟ ಹತ್ತಿದನೋ ಹೇಳಬೇಕು. ಎರಡೂ ಹೇಳದೆ ಸುಮ್ನೆ 'ಬಂದೆ' ಅಂದರೆ ನಾನು ನಂಬುವುದಿಲ್ಲ. ನಿಮ್ಮ ಅತಿಥಿಗಳು ಹೇಳಿದ ಮೂರು ಕತೆಗಳನ್ನೂ ಹೀಗೇ ನಿಲ್ಲಿಸಿ ಕೇಳೋಣ.

ರಾಣಿಯ ಕತೆ ಮೊದಲು. ಸ್ಪೇನಿನ ರಾಜ ಏಳನೇ ಫರ್ನಾಂಡೊ 1833ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಗಳು ಇಸಬೆಲ್ಲಾಗೆ ಇನ್ನೂ ಮೂರು ತುಂಬಿರಲಿಲ್ಲ. ತಾಯಿ ಮರಿಯಾ ಕ್ರಿಸ್ತಿನಾ ಮಗಳ ಪರವಾಗಿ ರಾಜ್ಯ ನಡೆಸಲು ಕೂತಳು. ರಾಜನ ತಮ್ಮ ಕಾರ್ಲೋಸ್ 'ಹೆಣ್ಣಿಗೆ ಪಟ್ಟ ಇಲ್ಲ, ಅದು ನನ್ನದು' ಎಂದು ಎದ್ದ. ಯುದ್ಧವೇ ಆಯಿತು. 1840ರ ತನಕ ನಡೆಯಿತು, ಆಮೇಲೂ ಬೇರೆ ಬೇರೆ ಸುತ್ತುಗಳಲ್ಲಿ ಮರುಕಳಿಸಿತು. ಕಾರ್ಲೋಸನ ಕಡೆಯವರಿಗೆ ಕಾರ್ಲಿಸ್ಟರು ಎಂದು ಹೆಸರು. ರಾಣಿ ಕ್ರಿಸ್ತಿನಾಳ ಕಡೆಯವರು ಕ್ರಿಸ್ತಿನೋಗಳು. ಕಾರ್ಲೋಸನಿಗೆ ಜಾಸ್ತಿ ಬಲ ಇದ್ದದ್ದು ಸ್ಪೇನಿನ ಉತ್ತರಕ್ಕೆ, ಬಾಸ್ಕ್ ಭಾಷೆಯ ಸೀಮೆಯಲ್ಲಿ.

ಈ ಬಾಸ್ಕ್ ಭಾಷೆ ಸ್ಪ್ಯಾನಿಷಿನ ನೆಂಟ ಅಲ್ಲ. ಯುರೋಪಿನ ಯಾವ ಭಾಷೆಗೂ ನೆಂಟ ಅಲ್ಲ. ಹಳೇ ಬಾಸ್ಕ್ ನಾಲಿಗೆಗೆ ಪದದ ಶುರುವಿನಲ್ಲೇ ಒತ್ತಕ್ಷರ ಬಂದರೆ ಆಗುತ್ತಿರಲಿಲ್ಲ, ನಡುವೆ ಒಂದು ಸ್ವರ ತುರುಕಿ ಬಿಡಿಸುತ್ತಿತ್ತು. ಶಿಲುಬೆಗೆ ಲ್ಯಾಟಿನ್ ಪದ 'ಕ್ರುಕ್ಸ್' ತಾನೆ, ಅದು ಬಾಸ್ಕಿನಲ್ಲಿ 'ಗುರುತ್ಸೆ' ಆಗಿದೆ. 'ಕ್ರು' ಹೋಗಿ 'ಗುರು' ಬಂತು ನೋಡಿ. ಬಿಲ್ಬಾವೊ ಬಂದರಿನಲ್ಲಿ ನಮ್ಮ ಹಡಗಿಗೆ ಉಕ್ಕು ತುಂಬುತ್ತಿದ್ದ ಒಬ್ಬ ಮುದುಕ ಇದನ್ನು ಬೆರಳಲ್ಲಿ ಧೂಳಿನ ಮೇಲೆ ಬರೆದು ತೋರಿಸಿದ್ದ. ಅದೇ ಲೆಕ್ಕದಲ್ಲಿ 'ಕ್ರಿಸ್ತಿನೋ' ಎಂಬುದು 'ಗಿರಿಸ್ತಿನೋ' ಆಯಿತು. ತುಂಡು ಮಾಡಿ 'ಗಿರಿ' ಎಂದರು. ಶತ್ರುವನ್ನು ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ನಮಗೆ ಇದು ವಿಚಿತ್ರ ಅನ್ನಿಸಬಾರದು. ಗ್ಲಾಸು ನಮ್ಮ ಹಳ್ಳಿಯಲ್ಲಿ ಗಿಲಾಸು, ಬ್ರಷ್ಷು ಬುರುಸು. ಅದಕ್ಕಿಂತ ಹತ್ತಿರದ ಸಾಕ್ಷಿ ಬೇಕಾದರೆ ಕೊಂಕಣಿ ಮಾತಾಡುವ ಕ್ರೈಸ್ತರನ್ನು ಕೇಳಿ. ಪೋರ್ಚುಗೀಸರ 'ಕ್ರಿಸ್ತಾಂವ್' ಅನ್ನು ಎಷ್ಟೋ ಬಾಯಿ 'ಕಿರಿಸ್ತಾಂವ್' ಮಾಡಿಕೊಂಡಿದೆ. ಫ್ರಾನ್ಸಿನ ಕಡೆಯ ಬಾಸ್ಕಿನಲ್ಲಿ ಕ್ರೈಸ್ತನಿಗೆ 'ಗಿರಿಸ್ತಿನೋ' ಎಂದೇ ಹೇಳುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕರಾವಳಿ, ಎರಡು ನಾಲಿಗೆ, ಮಾಡಿದ್ದು ಒಂದೇ ಕೆಲಸ. ನನಗೆ ಈ ಇಡೀ ವ್ಯವಹಾರದಲ್ಲಿ ಭಾರಿ ಖುಷಿ ಕೊಟ್ಟ ಸಂಗತಿ ಇದೇ.

ಸ್ಪೇನಿನ ರಾಜಮನೆತನದ ಹೆಸರಿನ ಭಾಷಾ ಅಕಾಡೆಮಿ ತನ್ನ ನಿಘಂಟಿನಲ್ಲಿ ಹಿಡಿದಿರುವುದೂ ಈ ಪಕ್ಷವನ್ನೇ. ಅಲ್ಲಿ ಒಂದೇ ಪದದ ಕೆಳಗೆ ಮೂರು ಅರ್ಥ ಇವೆ. ಪರದೇಶದ ಪ್ರವಾಸಿ. ಆ ಯುದ್ಧಗಳಲ್ಲಿ ರಾಣಿಯ ಕಡೆಯವನು, ಆಮೇಲೆ ಸರ್ಕಾರದ ಸಿಪಾಯಿ. ಮತ್ತೆ ಸಿವಿಲ್ ಗಾರ್ಡ್ ಪಡೆಯವನು. ಈ ಸಿವಿಲ್ ಗಾರ್ಡ್ ಎಂದರೆ 1844ರಲ್ಲಿ ಕಟ್ಟಿದ ಸಶಸ್ತ್ರ ಪೊಲೀಸು, ಹಿಂದೆ ಚಪ್ಪಟೆಯಾದ ಕಪ್ಪು ಟೋಪಿ ಹಾಕಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದವರು.

ಇಲ್ಲಿವರೆಗೆ ದಾರಿ ಕಾಣುತ್ತದೆ. ರಾಣಿಯ ಸಿಪಾಯಿಯಿಂದ ಸರ್ಕಾರದ ಸಿಪಾಯಿಗೆ, ಅವನಿಂದ ಪೊಲೀಸನಿಗೆ. ಎಲ್ಲರೂ ಊರ ಹೊರಗಿನಿಂದ ಬಂದ ಕೋವಿಯವರು. ಆದರೆ ಪೊಲೀಸನಿಂದ ಚಡ್ಡಿ ಹಾಕಿದ ಟೂರಿಸ್ಟಿಗೆ ಹಾರುವುದು ಹೇಗೆ? ಜಗಳ ಇರುವುದು ಈ ಒಂದು ಜಿಗಿತದ ಬಗ್ಗೆ. ಸ್ಪೇನಿಗೆ ಪ್ರವಾಸಿಗರು ಹಿಂಡು ಹಿಂಡಾಗಿ ಬರತೊಡಗಿದ್ದು 1960ರ ದಶಕದಲ್ಲಿ. 1960ರಲ್ಲಿ ಸುಮಾರು 60 ಲಕ್ಷ ಜನ ಬಂದರು, 1970ರ ಹೊತ್ತಿಗೆ ಅದು 2 ಕೋಟಿ 40 ಲಕ್ಷ. ಮೊದಲ ಕಾರ್ಲಿಸ್ಟ್ ಯುದ್ಧ ಮುಗಿದು ಅಷ್ಟರಲ್ಲಿ ನೂರು ವರ್ಷದ ಮೇಲಾಗಿತ್ತು. ಉತ್ತರದ ಬೆಟ್ಟದಲ್ಲಿ ಹುಟ್ಟಿದ ಬೈಗುಳ ದಕ್ಷಿಣದ ಮಾಲಗಾ ಬೀಚಿನಲ್ಲಿ ಜರ್ಮನಿಯವನ ತಲೆಗೆ ಕೂತದ್ದು ಹೇಗೆ ಎಂದು ಕೇಳುವವರು ಸುಮ್ನೆ ಕೇಳುತ್ತಿಲ್ಲ.

ಟರ್ಕಿಯ ಪಕ್ಷದವರು ಈ ಸಂದಿಯಲ್ಲೇ ನುಗ್ಗಿದ್ದು. ಅದನ್ನು ಎತ್ತಿ ಹಿಡಿದವನು ಹ್ವಾನ್ ಗೊಯ್ತಿಸೋಲೊ, ಸ್ಪೇನಿನ ದೊಡ್ಡ ಲೇಖಕ. ಮೊರೊಕ್ಕೊದ ಮರಾಕೇಶಿನಲ್ಲಿ ಮನೆ ಮಾಡಿ 2017ರಲ್ಲಿ ಅಲ್ಲೇ ತೀರಿಕೊಂಡ. ಟರ್ಕಿಯಲ್ಲಿ ಮುಸಲ್ಮಾನನಲ್ಲದವನಿಗೆ, ಅದರಲ್ಲೂ ಯುರೋಪಿನವನಿಗೆ 'ಗ್ಯಾವುರ್' ಎಂಬ ಹೀಯಾಳಿಕೆ ಇದೆ. 'ಗಿರಿ' ಅದರ ಮರಿ ಎಂದು ಅವನ ವಾದ. ಅರ್ಥ ನೋಡಿ, ಎಷ್ಟು ಚೆನ್ನಾಗಿ ಕೂಡುತ್ತದೆ! ನಮ್ಮವನಲ್ಲದವನು, ಹೊರಗಿನವನು, ಸ್ವಲ್ಪ ನಗೆಪಾಟಲಿನವನು. ದಾರಿಯೂ ಪೂರ್ತಿ ಅಸಾಧ್ಯವಲ್ಲ. ಟರ್ಕಿಯ ಕೈಯಲ್ಲಿದ್ದ ಆಲ್ಜೀರ್ಸ್ ಬಂದರಿನಲ್ಲಿ ಸ್ಪೇನಿನ ಸಾವಿರಾರು ಜನ ಸೆರೆಯಾಳುಗಳಾಗಿದ್ದರು. ಮಹಾ ಲೇಖಕ ಸೆರ್ವಾಂಟಿಸನೇ 1575ರಿಂದ 1580ರ ತನಕ ಅಲ್ಲಿ ಸಂಕಲೆ ಹಾಕಿಸಿಕೊಂಡಿದ್ದ. 1912ರಿಂದ 1956ರ ತನಕ ಉತ್ತರ ಮೊರೊಕ್ಕೊ ಸ್ಪೇನಿನ ಕೈಯಲ್ಲಿತ್ತು. ಮೊರೊಕ್ಕೊದ ಅರಬ್ಬಿಯಲ್ಲಿ ಯುರೋಪಿಯನ್ನನಿಗೆ ಇವತ್ತಿಗೂ 'ಗೌರಿ' ಅಂತಾರೆ. ಕಾಸಾಬ್ಲಾಂಕಾದಲ್ಲಿ ನಮ್ಮ ನಾರ್ವೆಯ ಕ್ಯಾಪ್ಟನನ್ನು ಪೋರರು 'ಗೌರಿ, ಗೌರಿ' ಎಂದು ಕೂಗುತ್ತಿದ್ದರೆ, ಇಂಜಿನ್ ರೂಮಿನ ನಾವು ಒಂದಿಬ್ಬರು ಕನ್ನಡಿಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಆರಡಿ ಆಳು, ಕೆಂಪು ಗಡ್ಡ, ಹೆಸರು ಗೌರಿ.

ನಿಮ್ಮ ಮನೆಯವರಿಗೆ ಈ 'ಗೌರಿ'ಯನ್ನು ಹೇಳಬೇಡಿ. ಸಂಸ್ಕೃತದ ಗೌರ ಎಂದರೆ ಬಿಳಿ ಬಣ್ಣ, ಹಿಂದಿಯಲ್ಲಿ ಬಿಳಿಯನು ಗೋರಾ, ಮೊರೊಕ್ಕೊದಲ್ಲಿ ಬಿಳಿಯನು ಗೌರಿ, ಸಿಕ್ಕಿತು ನೋಡಿ ಎಂದು ಕುಣಿದುಬಿಡುತ್ತಾರೆ. ಸದ್ದೂ ಒಂದೇ, ಅರ್ಥವೂ ಹತ್ತಿರ, ಸಂಬಂಧ ಮಾತ್ರ ಸೊನ್ನೆ. ಮೊರೊಕ್ಕೊದ ಗೌರಿ ಟರ್ಕಿಯ ಗ್ಯಾವುರಿನ ಬಳಗದ್ದು, ಅಲ್ಲಿ ಬಣ್ಣದ ಮಾತೇ ಇಲ್ಲ, ಮತದ ಮಾತು ಇರುವುದು. ಸದ್ದು ಕೂಡಿತು, ಅರ್ಥ ಕೂಡಿತು ಎಂದು ಟರ್ಕಿಯ ಪಕ್ಷಕ್ಕೆ ಓಟು ಹಾಕುವವರು ಈ ಗೋರಾ-ಗೌರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

ಇನ್ನೂ ಒಂದು ತೊಡಕು. 'ಗೌ' ಎಂಬುದು 'ಗಿ' ಆಗಲು ನಾಲಿಗೆ ಸಾಕಷ್ಟು ಕಸರತ್ತು ಮಾಡಬೇಕು. 'ಕ್ರಿ' ಎಂಬುದು 'ಗಿರಿ' ಆಗಲು ಏನೂ ಬೇಡ.

ಟೋಪಿಯ ಅಕ್ಷರದ ಕತೆ ಬೇಗ ಮುಗಿಯುತ್ತದೆ. ರಾಜನ ಕಾಲಾಳು ಕಾವಲು ಪಡೆಗೆ 'ಗ್ವಾರ್ದಿಯಾ ರೆಯಾಲ್ ದೆ ಇನ್ಫಾಂತೆರಿಯಾ' ಎಂದು ಹೆಸರು. ಅವರ ಸಾಮಾನಿನ ಮೇಲೆ ಜಿ, ಆರ್, ಐ ಎಂದು ಮೂರು ಅಕ್ಷರ ಇತ್ತಂತೆ, ಅದನ್ನೇ ಕೂಡಿಸಿ ಓದಿದರಂತೆ. ಇಂಥ ಕತೆಗಳಿಗೆ ನಾನು ಕಿವಿ ಕೊಡುವುದೇ ಇಲ್ಲ. ಯಾವ ಪದದ ಮೂಲ ಗೊತ್ತಾಗದಿದ್ದರೂ ಯಾರಾದರೊಬ್ಬ ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಜೋಡಿಸಿ ತರುತ್ತಾನೆ. ಅದೂ ಅಲ್ಲದೆ 'ಗಿರಿಸ್ತಿನೋ' ಎಂಬ ಪೂರ್ತಿ ರೂಪವೇ ಕೈಯಲ್ಲಿರುವಾಗ ಟೋಪಿಯ ಮೇಲೆ ಹುಡುಕುವುದು ಯಾಕೆ?

ನನ್ನ ಮತ ಕೇಳಿದಿರಲ್ಲ. ಸಿಪಾಯಿ ಗಿರಿ ಬಾಸ್ಕ್ ಸೀಮೆಯವನು, ಅದರಲ್ಲಿ ನನಗೆ ಅನುಮಾನವಿಲ್ಲ. ಟೂರಿಸ್ಟ್ ಗಿರಿಯೂ ಅವನ ಮೊಮ್ಮಗನೇ ಎಂದು ನಾನು ವಾಲುತ್ತೇನೆ. 'ನಮ್ಮ ಕಡೆಯವನಲ್ಲ' ಎಂಬ ಅರ್ಥ ಆ ಪದದಲ್ಲಿ ಮೊದಲಿನಿಂದಲೂ ಇತ್ತು. ಕೋವಿ ಕಳಚಿದರೆ ಉಳಿಯುವುದು ಅಷ್ಟೇ ತಾನೆ? ಆದರೆ ವಾಲುವುದು ಬೇರೆ, ಆಣೆ ಮಾಡುವುದು ಬೇರೆ. ಪೊಲೀಸನಿಗೂ ಪ್ರವಾಸಿಗೂ ನಡುವಿನ ಆ ಒಂದು ನಿಲ್ದಾಣವನ್ನು ಹಳೇ ಕಾಗದದಲ್ಲಿ ಯಾರಾದರೂ ತೋರಿಸಿದರೆ ಆಣೆಯನ್ನೂ ಮಾಡುತ್ತೇನೆ. ನಿಮ್ಮ ಅತಿಥಿಗಳಲ್ಲಿ ರಾಣಿ ಅಂದ ಹುಡುಗಿಗೆ ಮುಂದಿನ ಸಲ ಒಂದು ಕೋಕಂ ಶರಬತ್ತು ಪುಕ್ಕಟೆ ಕೊಡಿ.

ಪ್ರಶ್ನೆ: ಸರ್, ಮೆಕ್ಸಿಕೊದವರು ಅಮೆರಿಕದವರನ್ನು 'ಗ್ರಿಂಗೊ' ಅನ್ನುವುದು ಯುದ್ಧದಲ್ಲಿ ಹುಟ್ಟಿದ್ದು ಎಂದು ನಮ್ಮ ಕಾಲೇಜಿನಲ್ಲಿ ಒಬ್ಬರು ಹೇಳಿದರು. ಅಮೆರಿಕದ ಸೈನಿಕರು ಹಸಿರು ಬಟ್ಟೆ ಹಾಕುತ್ತಿದ್ದರಂತೆ, ಜನ 'ಗ್ರೀನ್, ಗೋ!' ಎಂದು ಕೂಗುತ್ತಿದ್ದರಂತೆ. ಹೌದಾ?
ವಿದ್ಯಾರ್ಥಿ, ಶಿರಸಿ

ಉತ್ತರ: ಕತೆ ಚೆನ್ನಾಗಿದೆ. ನಾನೂ ಇದನ್ನು ಬೇರೆ ಬೇರೆ ಬಂದರಿನಲ್ಲಿ ಬೇರೆ ಬೇರೆ ರುಚಿಯಲ್ಲಿ ಕೇಳಿದ್ದೇನೆ. ಒಂದರಲ್ಲಿ ಬಟ್ಟೆ ಹಸಿರು. ಇನ್ನೊಂದರಲ್ಲಿ ಸೈನಿಕರು ಹಾಡುತ್ತಿದ್ದ ಹಾಡು 'ಗ್ರೀನ್ ಗ್ರೋ' ಎಂದು ಶುರುವಾಗುತ್ತಿತ್ತು. ಎರಡನ್ನೂ ಒಂದೇ ಪುಸ್ತಕ ಮಗುಚುತ್ತದೆ.

ಅಮೆರಿಕಕ್ಕೂ ಮೆಕ್ಸಿಕೊಗೂ ಯುದ್ಧ ಆದದ್ದು 1846ರಿಂದ 1848ರ ತನಕ. ಆದರೆ 'ಗ್ರಿಂಗೊ' ಎಂಬ ಪದ ಸ್ಪೇನಿನ ಒಂದು ನಿಘಂಟಿನಲ್ಲಿ 1787ರಲ್ಲೇ ಅಚ್ಚಾಗಿದೆ. ಅದನ್ನು ಮಾಡಿದವನು ಎಸ್ತೆಬಾನ್ ದೆ ತೆರೆರೋಸ್ ಇ ಪಾಂದೊ ಎಂಬ ಜೆಸುವಿಟ್ ಪಾದ್ರಿ. 1767ರಲ್ಲಿ ಸ್ಪೇನಿನ ರಾಜ ಜೆಸುವಿಟರನ್ನೆಲ್ಲ ದೇಶ ಬಿಡಿಸಿದಾಗ ಅವನೂ ಹೋಗಬೇಕಾಯಿತು. 1782ರಲ್ಲಿ ಇಟಲಿಯಲ್ಲಿ ಸತ್ತ. ಇಡೀ ಆಯಸ್ಸು ಸುರಿದು ಮಾಡಿದ ನಿಘಂಟು ಅಚ್ಚಾಗಿದ್ದನ್ನು ನೋಡಲೂ ಇರಲಿಲ್ಲ, ಪಾಪ. ಅವನು ಬರೆದದ್ದು ಇಷ್ಟು: ಸ್ಪ್ಯಾನಿಷನ್ನು ಸಲೀಸಾಗಿ ಆಡಲು ಬಾರದ, ಒಂದು ಥರದ ಎಳೆತ ಇರುವ ಪರದೇಶಿಗಳಿಗೆ ಮಾಲಗಾದಲ್ಲಿ ಗ್ರಿಂಗೊ ಅಂತಾರೆ. ಮ್ಯಾಡ್ರಿಡ್ಡಿನಲ್ಲಿ ಅದೇ ಕಾರಣಕ್ಕೆ ಐರ್ಲೆಂಡಿನವರಿಗೆ ಹಾಗೆ ಅಂತಾರೆ. ಅಮೆರಿಕದ ಸುದ್ದಿಯೇ ಇಲ್ಲ. ಇನ್ನು ಬಟ್ಟೆ, ಆ ಯುದ್ಧದಲ್ಲಿ ಅಮೆರಿಕದ ಖಾಯಂ ಸೈನ್ಯದ ಬಟ್ಟೆ ನೀಲಿ.

ಹಾಗಾದರೆ ಮೂಲ ಯಾವುದು? ಹೆಚ್ಚಿನವರು 'ಗ್ರಿಯೇಗೊ' ಅಂತಾರೆ, ಅಂದರೆ ಗ್ರೀಕ್. ತಿಳಿಯದ ಮಾತಿಗೆ ಸ್ಪ್ಯಾನಿಷಿನಲ್ಲಿ 'ಗ್ರೀಕಿನಲ್ಲಿ ಮಾತಾಡುತ್ತಾನೆ' ಎನ್ನುವ ರೂಢಿ ಇದೆ. ಭಾಷಾ ಪಂಡಿತ ಹ್ವಾನ್ ಕೊರೊಮಿನಾಸ್ ಇದಕ್ಕೆ ಮೆಟ್ಟಿಲನ್ನೂ ಕಟ್ಟಿಕೊಟ್ಟ: ಗ್ರಿಯೇಗೊ, ಗ್ರಿಗೊ, ಗ್ರಿಂಗೊ. ಒಪ್ಪದವರು ಎರಡು ಮೆಟ್ಟಿಲು ಜಾಸ್ತಿಯಾಯಿತು ಅಂತಾರೆ. ಅವರು ಸ್ಪೇನಿನ ಜಿಪ್ಸಿಗಳ ಮಾತಿನಲ್ಲಿ ದಾರಿಹೋಕನಿಗೆ, ಪರಸ್ಥಳದವನಿಗೆ 'ಪೆರೆಗ್ರಿಂಗೊ' ಎಂಬ ಪದ ಇದ್ದಿರಬಹುದು ಎಂದು ಊಹಿಸುತ್ತಾರೆ. ಅದರ ತಲೆ ಕತ್ತರಿಸಿದರೆ ಗ್ರಿಂಗೊ ಸಿದ್ಧ. ನನಗೆ ಗ್ರೀಕೇ ಸಾಕು. ಆ ಪಾದ್ರಿ ಎರಡು ಊರಿಗೂ ಹೇಳಿದ ಕಾರಣ ಒಂದೇ, ಮಾತಿನ ಎಳೆತ. ತಿರುಗಾಟದ ಸುದ್ದಿ ಅವನ ಬರಹದಲ್ಲಿಲ್ಲ.

ನಿಮ್ಮ ಕಾಲೇಜಿನವರ ಹತ್ತಿರ ವಾದಕ್ಕೆ ನಿಲ್ಲಬೇಡಿ. 1787 ಎಂಬ ಒಂದು ಇಸವಿ ಹೇಳಿ ಸುಮ್ಮನಿರಿ, ಸಾಕು.

ಪ್ರಶ್ನೆ: ನಾನು ಕುಮಟಾ ಸ್ಟೇಷನ್ನಿನಿಂದ ಗೋಕರ್ಣಕ್ಕೆ ರಿಕ್ಷಾ ಹೊಡೆಯುತ್ತೇನೆ. ಸ್ಪ್ಯಾನಿಷ್ ಗಿರಾಕಿ ಬಂದರೆ ತಮಾಷೆಗೆ 'ಗಿರಿ' ಅಂದರೆ ನಡೆಯುತ್ತದಾ, ಬೈಗುಳ ಆಗುತ್ತದಾ?
ಓದುಗ, ಕುಮಟಾ

ಉತ್ತರ: ಬೈಗುಳಕ್ಕೂ ಲೇವಡಿಗೂ ನಡುವೆ ಇದೆ. ಸಾಕ್ಸಿನ ಮೇಲೆ ಚಪ್ಪಲಿ ಹಾಕಿದವನು, ಮೈ ಕೆಂಪು ಮಾಡಿಕೊಂಡವನು, ಇದೇ ಅದರ ಚಿತ್ರ. ಅವರ ಮಾತಿನಲ್ಲೇ ಹೇಳುವುದಾದರೆ 'ಶೆಟ್ಲಿಯ ಹಾಗೆ ಕೆಂಪು', ಅಂದರೆ ಸಿಗಡಿಯ ಹಾಗೆ. 2024ರಲ್ಲಿ ಸ್ಪೇನಿಗೆ ಬಂದ ಪ್ರವಾಸಿಗರು 9 ಕೋಟಿ ದಾಟಿದರು, ಮನೆ ಬಾಡಿಗೆ ಏರಿ ಊರಿನವರು ಬೀದಿಗಿಳಿದರು. ಹಾಗಾಗಿ ಈಚೆಗೆ ಪದದಲ್ಲಿ ಖಾರ ಸ್ವಲ್ಪ ಜಾಸ್ತಿ. ಆದರೂ ಸ್ಪೇನಿನವರನ್ನೇ ಗೋಕರ್ಣದಲ್ಲಿ ಗಿರಿ ಅಂದರೆ ಬಿದ್ದು ಬಿದ್ದು ನಗುತ್ತಾರೆ. ಮೆಕ್ಸಿಕೊ, ಅರ್ಜೆಂಟೀನಾದವರಿಗೆ ಹೇಳಬೇಡಿ, ಅದು ಅವರ ಕಡೆಯ ಬಳಕೆ ಅಲ್ಲ. ಮೊದಲು ಭಾಡಾ ತಗೊಳ್ಳಿ, ಆಮೇಲೆ ತಮಾಷೆ.

ಪ್ರಶ್ನೆ: ಸ್ಪೇನು, ಟರ್ಕಿ ಎಲ್ಲ ಆಯಿತು. ನಮ್ಮ ಊರಿನ ಮಾತಿನಲ್ಲಿ ಇಂಥ ಜಗಳ ಯಾವುದೂ ಇಲ್ವಾ?
ಓದುಗ, ಅಂಕೋಲಾ

ಉತ್ತರ: ಇಲ್ಲದೇನು? ಆದರೆ ಮೊದಲು ಜಗಳ ಇಲ್ಲದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಬರೆದ ಕಾಗದದಲ್ಲಿ 'ಪರಂಗಿ' ಎಂಬ ಪದವೂ ಇದೆ. ಅದರ ದಾರಿ ಮೈಲುಗಲ್ಲು ನೆಟ್ಟಷ್ಟು ಸ್ಪಷ್ಟ. ಯುರೋಪಿನ ಫ್ರಾಂಕ್ ಎಂಬ ಜನ. ಅವರ ಹೆಸರಿನಿಂದ ಅರಬ್ಬಿಯಲ್ಲಿ 'ಇಫ್ರಂಜ್', ಪಾರಸಿಯಲ್ಲಿ 'ಫರಂಗಿ', ಇಲ್ಲಿಗೆ ಬಂದು ಪರಂಗಿ. ಅವರು ತಂದ ತೋಪು ಫಿರಂಗಿ. ಹಣ್ಣೂ ಅದೇ. ನಮ್ಮ ಕಡೆ ಪಪ್ಪಾಯಿ ಅಂದರೆ ಮೈಸೂರಿನ ಕಡೆಯವರು ಪರಂಗಿ ಹಣ್ಣು ಅಂತಾರೆ. 1505ರಲ್ಲಿ ಪೋರ್ಚುಗೀಸರು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿದವರು, ಪಗಾರ, ಚಾವಿ, ಬಾಲ್ದಿ, ಬಟಾಟೆ ಎಲ್ಲ ಅವರ ಬಾಯಿಂದ ಬಂದವು. ಬಟಾಟೆ ಅವರದ್ದೂ ಅಲ್ಲ. ಕೆರಿಬಿಯನ್ ದ್ವೀಪಗಳ ತಾಯಿನೊ ಜನ ಗೆಣಸಿಗೆ ಇಟ್ಟ ಹೆಸರು ಅದು.

ಜಗಳ ಬೇಕಾದರೆ ನೀವು ಕಾಗದ ಬರೆದ ಮೇಜನ್ನೇ ತಗೊಳ್ಳಿ. ಪೋರ್ಚುಗೀಸಿನಲ್ಲಿ 'ಮೇಜಾ'. ಪಾರಸಿಯಲ್ಲೂ 'ಮೇಜ್'. ಅರ್ಥ ಎರಡರಲ್ಲೂ ಮೇಜೇ. ಪಾರಸಿ ಬಿಜಾಪುರದ ದರ್ಬಾರಿನಿಂದ ಇಳಿದಿರಬಹುದು, ಪೋರ್ಚುಗೀಸು ಗೋವೆಯಿಂದ ಕಾಳಿ ನದಿ ದಾಟಿ ಬಂದಿರಬಹುದು. ಗಿರಿಯ ಕತೆಯಲ್ಲಿ ಒಂದು ಪಕ್ಷಕ್ಕೆ ಸದ್ದು ಕೂಡುತ್ತದೆ, ಇನ್ನೊಂದಕ್ಕೆ ಅರ್ಥ ಕೂಡುತ್ತದೆ. ಇಲ್ಲಿ ಎರಡು ಪಕ್ಷಕ್ಕೂ ಎರಡೂ ಕೂಡುತ್ತದೆ, ಎರಡು ದಾರಿಯೂ ತೆರೆದಿವೆ. ಕನ್ನಡ ನಾಡಿಗೆಲ್ಲ ಪಾರಸಿ, ನಮ್ಮ ಕರಾವಳಿಯ ಕೊಂಕಣಿಗೆ ಪೋರ್ಚುಗೀಸು ಎಂದು ಪಾಲು ಮಾಡಿಕೊಟ್ಟರೆ ನನಗೆ ತಕರಾರಿಲ್ಲ. ಅಂಕೋಲೆ ಯಾವ ಪಾಲಿಗೆ ಎಂದು ಕೇಳಿ ಮತ್ತೆ ಕಾಗದ ಬರೆಯಬೇಡಿ.